ಸರಾಸರಿ ಮತ್ತು ಗ್ರಾಫ್: ಮಕ್ಕಳಿಂದ ಕೈಯಾರೆ ಮಾಡಿಸಿ ಕಲಿಸುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿ ಭಾಗದ ಹಿರಿಯ ಪ್ರಾಥಮಿಕ ಶಾಲೆಗಳ ಶಿಕ್ಷಕರನ್ನು ಹಾಗೂ ಮನೆಯಲ್ಲಿ ಮಕ್ಕಳ ಪಾಠಕ್ಕೆ ಜೊತೆಯಾಗುವ ಹೆತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಸರಾಸರಿಯನ್ನು ಒಂದು ಪಾಠವಾಗಿ, ಗ್ರಾಫನ್ನು ಇನ್ನೊಂದು ಪಾಠವಾಗಿ ಬೇರೆ ಬೇರೆ ಕಲಿಸುವ ರೂಢಿ ಬಿಡಬೇಕು ಎಂಬುದು ಈ ಎಲ್ಲ ಉತ್ತರಗಳ ಹಿಂದಿರುವ ನಿಲುವು. ಮಗು ತಾನೇ ಎಣಿಸಿದ, ತಾನೇ ಅಳೆದ ಅಂಕಿಗಳನ್ನು ಮೊದಲು ಕಣ್ಣೆದುರು ಹರಡಿ ನೋಡಬೇಕು. ಅವುಗಳನ್ನೆಲ್ಲ ಒಂದೇ ಸಂಖ್ಯೆಗೆ ಇಳಿಸುವ ಕೆಲಸ ಆಮೇಲಿನದು.

ಸೂತ್ರವನ್ನೇ ನೇರವಾಗಿ ಹೇಳಿಕೊಟ್ಟರೆ ಏನು ತೊಂದರೆ?

ಸೂತ್ರ ಬಹಳ ಚಿಕ್ಕದು. ಎಲ್ಲವನ್ನೂ ಕೂಡಿಸಿ, ಎಷ್ಟು ಸಂಖ್ಯೆಗಳಿವೆಯೋ ಅಷ್ಟರಿಂದ ಭಾಗಿಸುವುದನ್ನು ಐದನೆಯ ತರಗತಿಯ ಮಗುವೂ ಒಂದು ಪೀರಿಯಡ್‌ನಲ್ಲಿ ಕಲಿತುಬಿಡುತ್ತದೆ. ಆದರೆ ಅದೇ ಮಗುವಿಗೆ ಪ್ರಶ್ನೆಯನ್ನು ತಿರುಗಿಸಿ, "ಐದು ಮಕ್ಕಳ ಬಳಿ ಸರಾಸರಿ ಆರು ಪೆನ್ಸಿಲ್‌ಗಳಿವೆ, ಹಾಗಾದರೆ ಯಾರ ಯಾರ ಬಳಿ ಎಷ್ಟೆಷ್ಟು ಇರಬಹುದು?" ಎಂದು ಕೇಳಿ ನೋಡಿ. ಸೂತ್ರವನ್ನು ಮಾತ್ರ ಬಲ್ಲ ಮಗು ಒಂದೋ ಸುಮ್ಮನಾಗುತ್ತದೆ, ಇಲ್ಲವೇ ಎಲ್ಲರ ಬಳಿಯೂ ಆರಾರು ಇವೆ ಎನ್ನುತ್ತದೆ. ಒಟ್ಟು ಮೂವತ್ತು ಪೆನ್ಸಿಲ್‌ಗಳಿದ್ದರೆ ಸಾಕು, ಅವು ಹೇಗೆ ಬೇಕಾದರೂ ಹಂಚಿಹೋಗಿರಬಹುದು, ಒಬ್ಬ ಮಗುವಿನ ಬಳಿ ಒಂದೂ ಇಲ್ಲದಿರಬಹುದು ಎನ್ನುವ ತಿಳಿವಳಿಕೆ ಸೂತ್ರದಿಂದ ಹುಟ್ಟುವುದಿಲ್ಲ. ಹೆಚ್ಚಿದ್ದಲ್ಲಿಂದ ತೆಗೆದು ಕಡಿಮೆ ಇದ್ದಲ್ಲಿಗೆ ಹಾಕುವ ಕೆಲಸವನ್ನು ಕೈಯಿಂದ ಮಾಡಿದಾಗ ಹುಟ್ಟುತ್ತದೆ. ಸೂತ್ರ ಬೇಡವೆಂದು ಇದರ ಅರ್ಥವಲ್ಲ. ಕೈ ಮಾಡಿದ ಕೆಲಸವನ್ನು ಚುಟುಕಾಗಿ ಬರೆಯುವ ರೀತಿಯಾಗಿ ಅದು ಕೊನೆಗೆ ಬಂದರೆ ಮಗುವಿಗೆ ಅದನ್ನು ಉರುಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಚಟುವಟಿಕೆಯಾಗಿ ಯಾವುದನ್ನು ಆರಿಸಿಕೊಳ್ಳಬೇಕು?

ನಮ್ಮ ಊರಿನಲ್ಲಿ ಇದಕ್ಕೆ ಚೆನ್ನೆಮಣೆಗಿಂತ ಒಳ್ಳೆಯ ಸಾಧನ ಬೇರೆ ಹುಡುಕಬೇಕಾಗಿಲ್ಲ. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜಗಳು. ಆಟಿ ತಿಂಗಳಲ್ಲಿ ಅಜ್ಜಿಯ ಜೊತೆ ಆಡಿದ ಮಕ್ಕಳು ತರಗತಿಯಲ್ಲಿ ಇಂದಿಗೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಮಣೆ ಸಿಗದಿದ್ದರೆ ಮೊಟ್ಟೆಯ ಟ್ರೇಯ ಹದಿನಾಲ್ಕು ಗುಳಿಗಳೂ ಆದೀತು.

ಮೊದಲು ಪ್ರತಿ ಗುಳಿಯಲ್ಲಿ ನಾಲ್ಕು ಬೀಜಗಳನ್ನಿಡಿಸಿ. ಆಮೇಲೆ ಮಕ್ಕಳು ತಮಗೆ ತೋಚಿದಂತೆ ಬೀಜಗಳನ್ನು ಗುಳಿಯಿಂದ ಗುಳಿಗೆ ಬದಲಾಯಿಸಲಿ. ಯಾವ ಬೀಜವನ್ನೂ ಮಣೆಯಿಂದ ಹೊರತೆಗೆಯಬಾರದು ಎಂಬುದೊಂದೇ ನಿಯಮ. ಸ್ವಲ್ಪ ಹೊತ್ತಿನಲ್ಲಿ ಒಂದು ಗುಳಿಯಲ್ಲಿ ಹನ್ನೊಂದು, ಇನ್ನೊಂದರಲ್ಲಿ ಒಂದು, ಮತ್ತೊಂದು ಖಾಲಿ ಎಂಬ ಸ್ಥಿತಿ ಬರುತ್ತದೆ. ಆಗ "ಈಗ ಗುಳಿಯೊಂದಕ್ಕೆ ಸರಾಸರಿ ಎಷ್ಟು ಬೀಜ?" ಎಂದು ಕೇಳಬೇಕು. ಬಹಳಷ್ಟು ಮಕ್ಕಳು ಎಣಿಸಲು ಮುಂದಾಗುತ್ತಾರೆ. ಅವರು ಎಣಿಸಲಿ, ತಡೆಯಬೇಡಿ. ಐವತ್ತಾರನ್ನು ಹದಿನಾಲ್ಕರಿಂದ ಭಾಗಿಸಿ ಮತ್ತೆ ನಾಲ್ಕೇ ಬಂದಾಗ, ಬೀಜಗಳು ಎಲ್ಲಿ ಸೇರಿಕೊಂಡರೂ ಸರಾಸರಿ ಕದಲುವುದಿಲ್ಲ ಎನ್ನುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಅದಾದ ಮೇಲೆ ಎರಡು ಹೊಸ ಬೀಜಗಳನ್ನು ಸೇರಿಸಿ ಏನಾಗುತ್ತದೆ ಎಂದು ಕೇಳಿದರೆ, ಸರಾಸರಿ ನಾಲ್ಕಕ್ಕಿಂತ ತುಸು ಹೆಚ್ಚಾಗುತ್ತದೆ ಎಂದು ಲೆಕ್ಕ ಮಾಡುವ ಮೊದಲೇ ಹೇಳುವವರು ಇರುತ್ತಾರೆ.

ಎರಡನೆಯ ಹಂತದಲ್ಲಿ ಐದೇ ಗುಳಿಗಳನ್ನು ತೆಗೆದುಕೊಂಡು 2, 9, 4, 7, 3 ಎಂದು ಬೀಜಗಳನ್ನಿಟ್ಟು, ಲೆಕ್ಕ ಬರೆಯದೆ, ಒಂದೊಂದೇ ಬೀಜವನ್ನು ಸರಿಸುತ್ತ ಎಲ್ಲವನ್ನೂ ಸಮ ಮಾಡಲು ಹೇಳಬೇಕು. ಐದೈದು ಆಗುತ್ತದೆ. ಒಂಬತ್ತರಿಂದ ನಾಲ್ಕು, ಏಳರಿಂದ ಎರಡು, ಒಟ್ಟು ಆರು ಬೀಜಗಳು ಸ್ಥಳ ಬದಲಾಯಿಸಿದವು. ಎರಡಕ್ಕೆ ಮೂರು, ನಾಲ್ಕಕ್ಕೆ ಒಂದು, ಮೂರಕ್ಕೆ ಎರಡು ಎಂದು ಅದೇ ಆರು ಬೀಜಗಳು ಹೋಗಿ ಸೇರಿದವು. ಸರಾಸರಿಗಿಂತ ಹೆಚ್ಚಿದ್ದುದರ ಮೊತ್ತವೂ ಕಡಿಮೆ ಇದ್ದುದರ ಮೊತ್ತವೂ ಯಾವಾಗಲೂ ಸಮ ಎಂಬ ಈ ಸಂಗತಿಯನ್ನು ಹಲಗೆಯ ಮೇಲೆ ಬರೆದಿಡಿ. ಪ್ರೌಢಶಾಲೆಯಲ್ಲಿ ವಿಚಲನೆಯ, ಎಂದರೆ ಸರಾಸರಿಯಿಂದ ಸಂಖ್ಯೆಗಳು ಎಷ್ಟು ದೂರವಿವೆ ಎಂಬುದರ ಪಾಠ ಬಂದಾಗ ಮಕ್ಕಳಿಗೆ ಇದು ನೆನಪಾಗುತ್ತದೆ.

ಸರಾಸರಿ "4.25 ಜನ" ಎಂದು ಬಂದಾಗ ಮಕ್ಕಳು ನಗುತ್ತಾರೆ. ಹೇಗೆ ವಿವರಿಸುವುದು?

ಅದು ಒಳ್ಳೆಯ ಲಕ್ಷಣವೇ, ಏಕೆಂದರೆ ಮಗು ಸಂಖ್ಯೆಯ ಅರ್ಥವನ್ನು ಯೋಚಿಸುತ್ತಿದೆ. ನಾಲ್ಕು ಮಕ್ಕಳನ್ನು ಕರೆದು, ಮನೆಯಲ್ಲಿರುವ ಒಬ್ಬೊಬ್ಬರಿಗೆ ಐದು ಸೆಂಟಿಮೀಟರ್‌ನಂತೆ ಹಳೆಯ ಪತ್ರಿಕೆಯಿಂದ ಪಟ್ಟಿ ಕತ್ತರಿಸಲು ಹೇಳಿ. ಮೂರು, ನಾಲ್ಕು, ನಾಲ್ಕು, ಆರು ಜನರಿರುವ ಮನೆಗಳಾದರೆ ನಾಲ್ಕು ಪಟ್ಟಿಗಳನ್ನು ಉದ್ದಕ್ಕೆ ಅಂಟಿಸಿದಾಗ ಹದಿನೇಳು ಜನರ, ಎಂದರೆ 85 ಸೆಂಟಿಮೀಟರ್ ಉದ್ದದ ಒಂದೇ ಪಟ್ಟಿಯಾಗುತ್ತದೆ. ಅದನ್ನು ಎರಡಾಗಿ, ಮತ್ತೆ ಎರಡಾಗಿ ಮಡಚಿದರೆ ಸಿಗುವ ಒಂದು ಮಡಿಕೆಯ ಉದ್ದ 21.25 ಸೆಂಟಿಮೀಟರ್, ಅಂದರೆ 4.25 ಜನ. ಕಾಲು ಮನುಷ್ಯ ಯಾವ ಮನೆಯಲ್ಲಿಯೂ ಇಲ್ಲ. ಅದು ನಾಲ್ಕೂ ಮನೆಗಳು ಸೇರಿ ಕೊಟ್ಟ ಸಂಖ್ಯೆಯೇ ಹೊರತು ಯಾವುದೇ ಒಂದು ಮನೆಯ ಸಂಖ್ಯೆಯಲ್ಲ. ಜನಗಣತಿಯ ವರದಿಗಳಲ್ಲಿ ಬರುವ ದಶಮಾಂಶಗಳನ್ನೂ ಹೀಗೆಯೇ ಓದಬೇಕು ಎಂದು ಹಿರಿಯ ಮಕ್ಕಳಿಗೆ ಹೇಳಬಹುದು.

ಏಳು, ಎಂಟನೆಯ ತರಗತಿಯವರಿಗೆ ಬೀಜದ ಆಟ ತೀರಾ ಸುಲಭವಾಗುವುದಿಲ್ಲವೇ?

ಅವರಿಗೆ ಸಮತೋಲನದ ಚಟುವಟಿಕೆ ಕೊಡಿ. ಮೂವತ್ತು ಸೆಂಟಿಮೀಟರ್‌ನ ಮರದ ಸ್ಕೇಲನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, 6, 12, 27 ಎಂಬ ಗುರುತುಗಳ ಮೇಲೆ ಒಂದೊಂದು ಒಂದು ರೂಪಾಯಿಯ ನಾಣ್ಯವನ್ನಿಟ್ಟರೆ ಪೆನ್ಸಿಲ್ 15ರ ಕೆಳಗಿದ್ದಾಗ ಸ್ಕೇಲ್ ಸಮವಾಗಿ ನಿಲ್ಲುತ್ತದೆ, ಮತ್ತು ಆ ಮೂರು ಸಂಖ್ಯೆಗಳ ಸರಾಸರಿಯೂ 15. ಎಡಗಡೆ 9 ಮತ್ತು 3 ಸೆಂಟಿಮೀಟರ್ ದೂರದ ಎರಡು ನಾಣ್ಯಗಳು, ಬಲಗಡೆ 12 ಸೆಂಟಿಮೀಟರ್ ದೂರದ ಒಂದೇ ನಾಣ್ಯ. ದೂರದಲ್ಲಿರುವ ಒಂದೇ ಒಂದು ಸಂಖ್ಯೆ ಸರಾಸರಿಯನ್ನು ತನ್ನ ಕಡೆಗೆ ಎಷ್ಟು ಬಲವಾಗಿ ಎಳೆಯುತ್ತದೆ ಎನ್ನುವುದು ಇದರಿಂದ ಬೆರಳಿಗೇ ತಿಳಿಯುತ್ತದೆ. ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಸ್ಕೇಲಿಗೆ ಅದರದೇ ತೂಕವಿದೆ, ಆ ತೂಕ 15ರ ಗುರುತಿನಲ್ಲಿಯೇ ಸಮವಾಗುತ್ತದೆ. ಆದ್ದರಿಂದ ಸರಾಸರಿ 15 ಬರುವಂಥ ಸಂಖ್ಯೆಗಳನ್ನೇ ಆರಿಸಿಕೊಳ್ಳಬೇಕು; ಇಲ್ಲವಾದರೆ ಲೆಕ್ಕ ಒಂದು ಹೇಳುತ್ತದೆ, ಸ್ಕೇಲ್ ಇನ್ನೊಂದು ತೋರಿಸುತ್ತದೆ. 15 ಬರುವ ಬೇರೆ ಮೂರು ಅಥವಾ ನಾಲ್ಕು ಸಂಖ್ಯೆಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಟ್ಟರೆ ಇನ್ನೂ ಒಳ್ಳೆಯದು.

ಮಧ್ಯಾಂಕ ಮತ್ತು ಬಹುಲಕಗಳನ್ನು ಯಾವಾಗ ತರಬೇಕು?

ಸರಾಸರಿ ಮೋಸ ಮಾಡಿದಂತೆ ಮಕ್ಕಳಿಗೆ ಅನಿಸಿದ ದಿನವೇ ತರಬೇಕು. ಏಳು ಮಕ್ಕಳನ್ನು ಕರೆದು, ಮನೆಯಿಂದ ಶಾಲೆಗೆ ಬರಲು ಎಷ್ಟು ನಿಮಿಷ ಬೇಕು ಎಂದು ಕೇಳಿ ಚೀಟಿಯಲ್ಲಿ ಬರೆಸಿ. ಉತ್ತರಗಳು 5, 8, 10, 10, 12, 15, 80 ಎಂದು ಇಟ್ಟುಕೊಳ್ಳೋಣ. ಕೊನೆಯ ಮಗು ಎರಡು ಬಸ್ ಬದಲಾಯಿಸಿ ಬರುತ್ತದೆ. ಮೊತ್ತ 140, ಸರಾಸರಿ 20 ನಿಮಿಷ. ಈಗ ಮಕ್ಕಳು ಚೀಟಿ ಹಿಡಿದು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಲಿ. "ಇಪ್ಪತ್ತು ನಿಮಿಷಕ್ಕಿಂತ ಬೇಗ ತಲುಪುವವರು ಕೈ ಎತ್ತಿ" ಎಂದರೆ ಏಳರಲ್ಲಿ ಆರು ಕೈಗಳು ಮೇಲೇಳುತ್ತವೆ. ಆರು ಜನರಿಗೆ ಹೊಂದದ ಸಂಖ್ಯೆ ತರಗತಿಯನ್ನು ಹೇಗೆ ಪ್ರತಿನಿಧಿಸುತ್ತದೆ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಏಳುತ್ತದೆ. ಎರಡೂ ತುದಿಗಳಿಂದ ಒಬ್ಬೊಬ್ಬರಾಗಿ ಕುಳಿತುಕೊಳ್ಳುತ್ತ ಬಂದರೆ ಕೊನೆಗೆ ನಿಂತಿರುವ ಮಗುವಿನ ಚೀಟಿಯಲ್ಲಿ 10 ಇರುತ್ತದೆ, ಅದು ಮಧ್ಯಾಂಕ. ಅತಿ ಹೆಚ್ಚು ಬಾರಿ ಬಂದಿರುವುದೂ 10, ಅದು ಬಹುಲಕ. ಸಾಲಿನಲ್ಲಿ ಸಮಸಂಖ್ಯೆಯ ಮಕ್ಕಳಿದ್ದರೆ ಕೊನೆಗೆ ಇಬ್ಬರು ಉಳಿಯುತ್ತಾರೆ, ಅವರಿಬ್ಬರ ಸಂಖ್ಯೆಗಳ ಸರಾಸರಿಯನ್ನು ತೆಗೆದುಕೊಂಡರಾಯಿತು.

ಹಾಗಾದರೆ ಈ ಮೂರರಲ್ಲಿ ಸರಿಯಾದುದು ಯಾವುದು?

ನೀವು ಏನನ್ನು ತಿಳಿಯಬೇಕೆಂದಿದ್ದೀರಿ ಎನ್ನುವುದರ ಮೇಲೆ ಅದು ನಿಂತಿದೆ. ಇದಕ್ಕೆ ಶಂಕರಪುರದ ಮಲ್ಲಿಗೆಯ ದರ ಅತ್ಯುತ್ತಮ ಉದಾಹರಣೆ, ಏಕೆಂದರೆ ಅಟ್ಟೆಯೊಂದರ (ಮಲ್ಲಿಗೆ ಮಾರುವ ಅಳತೆ) ಬೆಲೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಮದುವೆ ಮತ್ತು ಹಬ್ಬದ ದಿನಗಳಲ್ಲಿ ಒಮ್ಮೆಲೇ ಮೇಲೆ ಹೋಗುತ್ತದೆ. ಐದು ದಿನಗಳ ದರ 400, 450, 500, 450, 1,700 ರೂಪಾಯಿ ಎಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ. ಸರಾಸರಿ 700, ಮಧ್ಯಾಂಕ 450. ಸಾಮಾನ್ಯ ದಿನವೊಂದರಲ್ಲಿ ಹೂ ಕೊಳ್ಳಲು ಹೋಗುವವರಿಗೆ 450 ಉಪಯುಕ್ತ. 700 ರೂಪಾಯಿಗೆ ಆ ಐದು ದಿನಗಳಲ್ಲಿ ಒಂದು ದಿನವೂ ಹೂ ಮಾರಾಟವಾಗಿಲ್ಲ. ಆದರೆ ದಿನಕ್ಕೆ ಒಂದೇ ಅಟ್ಟೆಯಂತೆ ಐದೂ ದಿನ ಹೂ ಕೊಟ್ಟ ಬೆಳೆಗಾರರಿಗೆ ಒಟ್ಟು ಎಷ್ಟು ಸಿಕ್ಕಿತು ಎಂಬುದಕ್ಕೆ ಮಧ್ಯಾಂಕ ಉತ್ತರ ಕೊಡುವುದಿಲ್ಲ, ಸರಾಸರಿ ಕೊಡುತ್ತದೆ: 700ನ್ನು ಐದರಿಂದ ಗುಣಿಸಿದರೆ 3,500 ರೂಪಾಯಿ. ಮಲ್ಲಿಗೆ ಗಿಡ ಸಾಕುವ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ನಿಜವಾದ ದರಗಳನ್ನು ಅವರೇ ದಿನವೂ ತಂದು ಬರೆಯಲಿ; ಉಳಿದವರಿಗಿಂತ ಅವರಿಗೆ ಈ ಲೆಕ್ಕದ ಬಿಸಿ ಚೆನ್ನಾಗಿ ಗೊತ್ತು.

ಗೋಳಿಬಜೆ ಇಷ್ಟವೋ ನೀರುದೋಸೆ ಇಷ್ಟವೋ ಎಂಬ ಸಮೀಕ್ಷೆಗೆ ಸರಾಸರಿ ತೆಗೆಯಬಹುದೇ?

ಆಗುವುದಿಲ್ಲ. ತಿಂಡಿಗಳಿಗೆ ಒಂದು, ಎರಡು, ಮೂರು ಎಂದು ನಂಬರ್ ಕೊಟ್ಟು ಕೂಡಿಸಿ ಭಾಗಿಸಿದರೆ ಒಂದು ಸಂಖ್ಯೆಯೇನೋ ಬರುತ್ತದೆ, ಆದರೆ ಅದಕ್ಕೆ ಅರ್ಥವಿಲ್ಲ. ಇಲ್ಲಿ ಬಹುಲಕ ಮಾತ್ರ ಕೆಲಸಕ್ಕೆ ಬರುತ್ತದೆ.

ಗ್ರಾಫ್ ಹಾಳೆಗೆ ಹೋಗುವ ಮೊದಲು ಏನು ಮಾಡಿಸಬೇಕು?

ವಸ್ತುವೇ ಗ್ರಾಫ್ ಆಗಲಿ. ಶಾಲೆಯ ಅಂಗಳದಲ್ಲಿ ಬಿದ್ದ ಹಲಸಿನ ಎಲೆಗಳನ್ನು ಮೂವತ್ತರಷ್ಟು ಆಯ್ದು ತಂದು, ತೊಟ್ಟು ಬಿಟ್ಟು ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಆ ಅಳತೆಯನ್ನು ಎಲೆಯ ಮೇಲೆಯೇ ಬರೆಸಿ. ನೆಲದ ಮೇಲೆ ಸೀಮೆಸುಣ್ಣದಿಂದ 8, 9, 10, 11 ಎಂದು ಸಾಲಾಗಿ ಗುರುತು ಮಾಡಿ, ಪ್ರತಿ ಎಲೆಯನ್ನು ಅದರ ಅಳತೆಯ ಮನೆಯ ಮೇಲೆ ಒಂದರ ಹಿಂದೆ ಒಂದರಂತೆ ಇಡುತ್ತ ಹೋದರೆ, ನಡುವೆ ಉದ್ದ, ಎರಡು ಬದಿಗಳಲ್ಲಿ ಗಿಡ್ಡ ಸಾಲುಗಳಿರುವ ಒಂದು ಆಕಾರ ಸಾಮಾನ್ಯವಾಗಿ ಮೂಡುತ್ತದೆ. ನಡು ಎಲ್ಲಿದೆ, ತೀರಾ ಒಂಟಿಯಾಗಿ ನಿಂತ ಎಲೆ ಯಾವುದು, ಅದು ಚಿಗುರೆಲೆಯೇ ಅಥವಾ ಅಳತೆಯೇ ತಪ್ಪಾಗಿದೆಯೇ ಎಂಬ ಚರ್ಚೆಗೆ ಅರ್ಧ ಗಂಟೆ ಕೊಟ್ಟರೂ ಹೆಚ್ಚಲ್ಲ. ಸರಾಸರಿಯನ್ನು ಮೊದಲು ಕಣ್ಣಂದಾಜಿನಿಂದ ಹೇಳಿಸಿ, ಅಲ್ಲೊಂದು ಕೋಲು ಇಡಿಸಿ, ಆಮೇಲೆ ಲೆಕ್ಕ ಮಾಡಿಸಿ.

ಆದರೆ ಎಲೆಗಳು ಒಂದೇ ಗಾತ್ರದವಲ್ಲ. ಹೆಚ್ಚು ಎಲೆಗಳಿರುವ ಸಾಲು ಉದ್ದವಾಗಿದೆಯೋ, ದೊಡ್ಡ ಎಲೆಗಳಿರುವುದರಿಂದ ಉದ್ದವಾಗಿದೆಯೋ ಎನ್ನುವ ಗೊಂದಲ ಇಲ್ಲಿ ಬರಲೇಬೇಕು, ಬರಲಿ. ಅದನ್ನು ಪರಿಹರಿಸಲು ಪ್ರತಿ ಎಲೆಗೆ ಬದಲಾಗಿ ಒಂದೊಂದು ಬೆಂಕಿಪೆಟ್ಟಿಗೆಯನ್ನೋ ಸೋಡಾ ಬಾಟಲಿಯ ಮುಚ್ಚಳವನ್ನೋ ಇಡಬೇಕು ಎಂದು ಯಾವುದಾದರೂ ಮಗು ಸೂಚಿಸುತ್ತದೆ. ಚಿತ್ರಾಲೇಖದಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆಯವಾಗಿರಬೇಕು, ಸ್ತಂಭಾಲೇಖದಲ್ಲಿ ಎಲ್ಲ ಸ್ತಂಭಗಳ ಅಗಲವೂ ಒಂದೇ ಆಗಿರಬೇಕು ಎಂಬ ನಿಯಮಗಳ ಹಿಂದಿನ ಕಾರಣ ಇದೇ. ಮುಚ್ಚಳಗಳಿಂದ ನೆಲದ ಟೈಲ್ಸ್ ಚೌಕಗಳಿಗೆ, ಅಲ್ಲಿಂದ ಚೌಕಳಿ ಹಾಳೆಗೆ, ಒಂದು ಚೌಕಕ್ಕೆ ಐದು ಎಂಬ ಪ್ರಮಾಣಕ್ಕೆ ಒಂದೊಂದೇ ಹೆಜ್ಜೆಯಾಗಿ ಹೋಗಿ. ಪ್ರಮಾಣ ಎಂಬ ಹೆಜ್ಜೆಯೇ ಮಕ್ಕಳಿಗೆ ಅತಿ ಕಷ್ಟದ್ದು ಎಂದು ನನಗನಿಸುತ್ತದೆ, ಅದಕ್ಕೆ ಆತುರ ಬೇಡ.

ಯಾವುದಕ್ಕೆ ಸ್ತಂಭ, ಯಾವುದಕ್ಕೆ ಗೆರೆ?

ಕಾಲ ಸರಿದಂತೆ ಒಂದೇ ಸಂಗತಿ ಹೇಗೆ ಬದಲಾಯಿತು ಎಂದು ತೋರಿಸಲು ರೇಖಾ ನಕ್ಷೆ, ಬೇರೆ ಬೇರೆ ಗುಂಪುಗಳನ್ನು ಹೋಲಿಸಲು ಸ್ತಂಭಾಲೇಖ. ಬಂಗುಡೆ, ಬೂತಾಯಿ, ಅಂಜಲ್ ಎಂಬ ಮೂರು ಮೀನುಗಳನ್ನು ಎಷ್ಟೆಷ್ಟು ಮಕ್ಕಳು ಇಷ್ಟಪಡುತ್ತಾರೆ ಎಂಬುದನ್ನು ಗೆರೆಯಿಂದ ಜೋಡಿಸಿದರೆ, ಬಂಗುಡೆಗೂ ಬೂತಾಯಿಗೂ ನಡುವೆ ಯಾವ ಮೀನಿದೆ ಎಂದು ಕೇಳಬೇಕಾಗುತ್ತದೆ. ಅದೇ ಬಂಗುಡೆಯ ಕಿಲೋ ದರವನ್ನು ವಾರಕ್ಕೊಮ್ಮೆ ಬಂದರಿನಲ್ಲೋ ಮಲ್ಪೆಯಲ್ಲೋ ಕೇಳಿ ಬರೆದರೆ ಗೆರೆ ಸರಿಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳುಗಳ ದರವನ್ನು ಉಳಿದ ತಿಂಗಳುಗಳ ಜೊತೆ ಹೋಲಿಸಿ, ಗೆರೆ ಎಲ್ಲಿ ತಿರುಗಿತು, ಏಕೆ ತಿರುಗಿತು ಎಂದು ಮಕ್ಕಳೇ ಕಾರಣ ಹುಡುಕಲಿ.

ಸ್ತಂಭಾಲೇಖವನ್ನು ಹರಡಿದ ವಿಲಿಯಂ ಪ್ಲೇಫೇರ್ 1786ರಲ್ಲಿ ಅದನ್ನು ಬಳಸಿದ್ದು ಇಂಥದೇ ಕಾರಣಕ್ಕೆ. ಉಳಿದೆಡೆ ಅವನು ವರ್ಷಗಳ ಉದ್ದಕ್ಕೂ ಗೆರೆ ಎಳೆದಿದ್ದ, ಆದರೆ ಸ್ಕಾಟ್ಲೆಂಡಿನ ವ್ಯಾಪಾರದ ಬಗ್ಗೆ ಅವನ ಬಳಿ ಒಂದೇ ವರ್ಷದ ಅಂಕಿಗಳಿದ್ದವು. ಆದ್ದರಿಂದ ದೇಶದೇಶಗಳ ಜೊತೆಗಿನ ವ್ಯಾಪಾರವನ್ನು ಸ್ತಂಭಗಳಾಗಿ ಜೋಡಿಸಿದ.

ಸ್ತಂಭಾಲೇಖದ ಲಂಬ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕು ಎಂಬುದನ್ನು ಬಿಗಿಯಾಗಿ ಪಾಲಿಸಿ. 90 ಮತ್ತು 95 ಎಂಬ ಎರಡು ಸಂಖ್ಯೆಗಳನ್ನು 85ರಿಂದ ಆರಂಭಿಸಿ ಬರೆದರೆ ಒಂದು ಸ್ತಂಭ ಇನ್ನೊಂದರ ಎರಡರಷ್ಟು ಎತ್ತರವಾಗುತ್ತದೆ. ಪತ್ರಿಕೆ ಮತ್ತು ಜಾಹೀರಾತುಗಳಲ್ಲಿ ಇಂಥ ಚಿತ್ರಗಳನ್ನು ಹುಡುಕಿ ಕತ್ತರಿಸಿ ತರುವುದು ಮಕ್ಕಳಿಗೆ ಬಹಳ ಇಷ್ಟವಾಗುವ ಮನೆಗೆಲಸ.

ಮಳೆಯನ್ನು ಅಳೆಸಬೇಕೆಂದಿದ್ದೇವೆ. ಶಾಲೆಯಲ್ಲಿ ಮಳೆಮಾಪಕ ಮಾಡಬಹುದೇ?

ಖಂಡಿತ ಮಾಡಬಹುದು. ಕರಾವಳಿಯ ಶಾಲೆಗೆ ಇದಕ್ಕಿಂತ ಹಿರಿದಾದ ದತ್ತಾಂಶ ಇಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಬಾಯಿಗೆ ಕೂರಿಸಬೇಕು. ಬಾಟಲಿಯ ತಳ ಸಮವಾಗಿರುವುದಿಲ್ಲ. ಆದ್ದರಿಂದ ಸಣ್ಣ ಕಲ್ಲುಗಳನ್ನು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆ ಎಂದು ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಗಾಳಿಗೆ ಬಾಟಲಿ ಮಗುಚದಂತೆಯೂ ಆ ಕಲ್ಲುಗಳು ತಡೆಯುತ್ತವೆ. ಇಡುವ ಜಾಗ ಬಯಲಾಗಿರಬೇಕು. ಸೂರಿನ ನೀರು, ಮರದ ಎಲೆಗಳಿಂದ ತೊಟ್ಟಿಕ್ಕುವ ನೀರು ಅದಕ್ಕೆ ಬೀಳಬಾರದು. ಪ್ರತಿ ಬಾರಿ ಓದಿದ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತರಬೇಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ದಾಖಲಿಸುತ್ತದೆ. ಶಾಲೆ ಆರಂಭವಾಗುವ ಮೊದಲು ಅದೇ ಹೊತ್ತಿಗೆ ಓದುವುದನ್ನು ರೂಢಿಸಿಕೊಂಡರೆ ಪತ್ರಿಕೆಯಲ್ಲಿ ಬರುವ ಅಂಕಿಯ ಜೊತೆ ಹೋಲಿಸಬಹುದು.

ಎರಡು ಬೇರೆ ಬೇರೆ ಅಗಲದ ಬಾಟಲಿಗಳನ್ನು ಅಕ್ಕಪಕ್ಕದಲ್ಲಿಡಿ. ಬಾಯಿಯ ಅಗಲವೂ ಒಡಲಿನ ಅಗಲವೂ ಒಂದೇ ಆಗಿದ್ದರೆ ಎರಡರಲ್ಲಿಯೂ ನೀರಿನ ಎತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರ್‌ನಲ್ಲಿ ಏಕೆ ಹೇಳುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕಿದೆ. 24 ಗಂಟೆಗಳಲ್ಲಿ 115.6 ಮಿಲಿಮೀಟರ್ ಮುಟ್ಟಿದರೆ ಇಲಾಖೆ ಅದನ್ನು ಅತಿ ಭಾರಿ ಮಳೆ ಎಂದೂ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗವೆಂದೂ ಕರೆಯುತ್ತದೆ. ಇಂಥ ಮಳೆ ಕರಾವಳಿಗೆ ಅಪರೂಪವಲ್ಲ. ಬಾಟಲಿಯ ನೇರ ಭಾಗ ಹದಿನೈದು ಸೆಂಟಿಮೀಟರ್ ಇದ್ದರೆ ಅದು 150 ಮಿಲಿಮೀಟರ್‌ಗೆ ತುಂಬಿ ಹರಿಯುತ್ತದೆ. ಜೋರು ಮಳೆಯ ದಿನಗಳಲ್ಲಿ ಸಂಜೆಯೂ ಒಮ್ಮೆ ಓದಿ, ನೀರನ್ನು ಸೊನ್ನೆಯ ಗೆರೆಗೆ ತಂದು, ಎರಡನ್ನೂ ಕೂಡಿಸಬೇಕು. ಮಳೆಯ ರಜೆ ಘೋಷಣೆಯಾದ ದಿನ ಮಕ್ಕಳನ್ನು ಇದಕ್ಕಾಗಿ ಶಾಲೆಗೆ ಕರೆಸಬಾರದು.

ತಿಂಗಳ ಕೊನೆಯಲ್ಲಿ ಮಕ್ಕಳ ಮುಂದೆ ಈ ಲೆಕ್ಕವನ್ನಿಡಿ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 11 ಮಿಲಿಮೀಟರ್. ಈ ಸಂಖ್ಯೆಯನ್ನು ಮಾತ್ರ ಓದಿದ ಹೊರಗಿನವರು, ಇಲ್ಲಿ ವರ್ಷವಿಡೀ ದಿನಾಲೂ ಸಣ್ಣಗೆ ಮಳೆ ಬರುತ್ತದೆ ಎಂದುಕೊಂಡಾರು. ಜನವರಿಯ ಒಣ ಅಂಗಳವಾಗಲಿ ಜುಲೈಯ ಜಡಿಮಳೆಯಾಗಲಿ ಆ ಹನ್ನೊಂದರಲ್ಲಿ ಕಾಣುವುದಿಲ್ಲ. ತಿಂಗಳಿಗೊಂದರಂತೆ ಹನ್ನೆರಡು ಸ್ತಂಭಗಳನ್ನು ಬರೆದಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಸ್ತಂಭಗಳು ಮಾತ್ರ ಮೇಲೆದ್ದು ನಿಲ್ಲುತ್ತವೆ. ಸರಾಸರಿಯ ಪಕ್ಕದಲ್ಲಿ ಗ್ರಾಫ್ ಏಕಿರಬೇಕು ಎಂದು ಈ ಪುಟದ ಆರಂಭದಲ್ಲಿ ಹೇಳಿದ್ದು ಇದಕ್ಕಾಗಿ.

ಮಳೆ ಬಾರದ ದಿನಗಳನ್ನು ಲೆಕ್ಕದಿಂದ ಬಿಡಬಹುದೇ?

ಬಿಡಬಾರದು. ಒಂದು ವಾರದ ಅಂಕಿಗಳು 0, 12, 35, 0, 88, 40, 0 ಎಂದಾದರೆ ಮೊತ್ತ 175, ದಿನದ ಸರಾಸರಿ 25. ಸೊನ್ನೆಗಳನ್ನು ಬಿಟ್ಟು ನಾಲ್ಕರಿಂದ ಭಾಗಿಸಿದರೆ 43.75 ಬರುತ್ತದೆ, ಅದು "ಮಳೆ ಬಂದ ದಿನಗಳ ಸರಾಸರಿ" ಎಂಬ ಬೇರೆಯೇ ಪ್ರಶ್ನೆಗೆ ಉತ್ತರ. ಸೊನ್ನೆಯೂ ಒಂದು ಅಳತೆ ಎಂಬುದನ್ನು ಮಕ್ಕಳು ಒಪ್ಪಲು ಸಮಯ ಹಿಡಿಯುತ್ತದೆ. ಅಣ್ಣತಮ್ಮ ಅಕ್ಕತಂಗಿಯರಿಲ್ಲದ ಮಗು ಒಡಹುಟ್ಟಿದವರ ಸಮೀಕ್ಷೆಯಲ್ಲಿ ತನ್ನ ಚೀಟಿಯನ್ನೇ ಕೊಡದಿರುವುದೂ ಇದೇ ಕಾರಣಕ್ಕೆ.

ಕ್ರಿಕೆಟ್ ಸರಾಸರಿಯನ್ನು ಬಳಸಬಹುದೇ?

ಬಳಸಬಹುದು, ಆದರೆ ಬ್ಯಾಟಿಂಗ್ ಸರಾಸರಿಯಲ್ಲಿ ರನ್‌ಗಳನ್ನು ಭಾಗಿಸುವುದು ಇನಿಂಗ್ಸ್‌ಗಳಿಂದಲ್ಲ, ಔಟಾದ ಸಲಗಳಿಂದ. ಡಾನ್ ಬ್ರಾಡ್ಮನ್ ಟೆಸ್ಟ್‌ಗಳಲ್ಲಿ 80 ಇನಿಂಗ್ಸ್ ಆಡಿ 6,996 ರನ್ ಗಳಿಸಿದರು, ಅದರಲ್ಲಿ ಹತ್ತು ಸಲ ಅಜೇಯರಾಗಿ ಉಳಿದರು. 6,996ನ್ನು 70ರಿಂದ ಭಾಗಿಸಿದರೆ 99.94. 1948ರ ಕೊನೆಯ ಇನಿಂಗ್ಸ್‌ನಲ್ಲಿ ನಾಲ್ಕೇ ರನ್ ಗಳಿಸಿದ್ದರೆ ಸರಾಸರಿ ಸರಿಯಾಗಿ ನೂರಾಗುತ್ತಿತ್ತು, ಅವರು ಸೊನ್ನೆಗೆ ಔಟಾದರು. ಏಕೆ ನಾಲ್ಕು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ.

ಎರಡು ಸರಾಸರಿಗಳ ಸರಾಸರಿ ತೆಗೆದರೆ ತಪ್ಪೇ?

ಬಹುತೇಕ ಸಲ ತಪ್ಪು. ಉಡುಪಿಯಿಂದ ಮಂಗಳೂರಿಗೆ ದೂರ 60 ಕಿಲೋಮೀಟರ್ ಎಂದು ಇಟ್ಟುಕೊಂಡು, ಹೋಗುವಾಗ ಎಕ್ಸ್‌ಪ್ರೆಸ್ ಬಸ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಬರುವಾಗ ಎಲ್ಲ ಕಡೆ ನಿಲ್ಲುವ ಬಸ್ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಿತು ಎನ್ನೋಣ. ಒಟ್ಟು 120 ಕಿಲೋಮೀಟರ್‌ಗೆ ಮೂರು ಗಂಟೆ, ಸರಾಸರಿ ವೇಗ 40. ಮಕ್ಕಳು ಥಟ್ಟನೆ ಹೇಳುವ 45 ಅಲ್ಲ. ನಿಧಾನದ ಬಸ್ಸಿನಲ್ಲಿ ಎರಡರಷ್ಟು ಹೊತ್ತು ಕುಳಿತಿದ್ದೆವು ಎನ್ನುವುದನ್ನು ಅದರಲ್ಲಿ ಕುಳಿತು ಬಂದ ಮಗು ಬೇಗ ಅರ್ಥಮಾಡಿಕೊಳ್ಳುತ್ತದೆ.

ಇಡೀ ತರಗತಿ ಒಟ್ಟಿಗೆ ಮಾಡುವ, ಹೆಚ್ಚು ತಯಾರಿ ಬೇಡದ ಚಟುವಟಿಕೆ ಯಾವುದಾದರೂ ಇದೆಯೇ?

ಒಂದು ಗಾಜಿನ ಬಾಟಲಿಯಲ್ಲಿ ಹುಣಸೆ ಬೀಜಗಳನ್ನು ತುಂಬಿಸಿ, ಎಷ್ಟಿವೆ ಎಂದು ಪ್ರತಿ ಮಗುವೂ ಯಾರಿಗೂ ತೋರಿಸದೆ ಚೀಟಿಯಲ್ಲಿ ಊಹೆ ಬರೆಯಲಿ. ಊಹೆಗಳ ಸ್ತಂಭಾಲೇಖ ಬರೆದು, ಸರಾಸರಿ ಮತ್ತು ಮಧ್ಯಾಂಕ ಕಂಡುಹಿಡಿದು, ಕೊನೆಗೆ ಬೀಜಗಳನ್ನು ಎಣಿಸಿ. ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಪ್ರಕಟಿಸಿದ ಇಂಥದೇ ಲೆಕ್ಕದಲ್ಲಿ, ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ ಎತ್ತಿನ ಮಾಂಸದ ತೂಕವನ್ನು ಊಹಿಸಿದ 787 ಚೀಟಿಗಳ ಮಧ್ಯಾಂಕ 1,207 ಪೌಂಡ್ ಇತ್ತು, ನಿಜವಾದ ತೂಕ 1,198 ಪೌಂಡ್. ತರಗತಿಯಲ್ಲಿ ಯಾರಾದರೂ ತನ್ನ ಊಹೆಯನ್ನು ಜೋರಾಗಿ ಹೇಳಿಬಿಟ್ಟರೆ ಉಳಿದವರ ಊಹೆಗಳು ಅದರ ಸುತ್ತಲೇ ಬಂದು ಸೇರಿಕೊಳ್ಳುತ್ತವೆ. ಮುಂದಿನ ಸಲ ಬೇಕೆಂದೇ ಹಾಗೆ ಹೇಳಿಸಿ, ಎರಡು ಗ್ರಾಫ್‌ಗಳನ್ನು ಹೋಲಿಸಿ ನೋಡಬಹುದು. ಬೀಜಗಳ ವಿಷಯ ಬಂದುದರಿಂದ ಒಂದು ಎಚ್ಚರಿಕೆ: ಗುಲಗಂಜಿ ನೋಡಲು ಚೆಂದ, ಆದರೆ ಜಗಿದರೆ ಕಡು ವಿಷ. ಯಾವ ಚಟುವಟಿಕೆಗೂ ಅದನ್ನು ತರಗತಿಗೆ ತರಬೇಡಿ.

ಯಾವ ದತ್ತಾಂಶವನ್ನು ಮಕ್ಕಳಿಂದ ಸಂಗ್ರಹಿಸಬಾರದು?

ಮಕ್ಕಳ ತೂಕ, ಪರೀಕ್ಷೆಯ ಅಂಕ, ಮನೆಯ ಆದಾಯ, ಮನೆಯಲ್ಲಿರುವ ವಾಹನ ಅಥವಾ ಫೋನುಗಳ ಸಂಖ್ಯೆ, ಇವು ಯಾವುವೂ ಬೇಡ. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಇಂಥವು ಬಂದರೂ, ಹೆಸರಿಲ್ಲದ ಅಂಕಿಗಳನ್ನು ಪುಸ್ತಕದಲ್ಲಿ ಓದುವುದು ಬೇರೆ, ತನ್ನ ಸ್ತಂಭವೇ ಎಲ್ಲರಿಗಿಂತ ಗಿಡ್ಡ ಅಥವಾ ಎತ್ತರ ಎಂದು ಗೋಡೆಯ ಮೇಲೆ ದಿನಾಲೂ ನೋಡುವುದು ಬೇರೆ. ಸರಾಸರಿಗಿಂತ ಕೆಳಗಿರುವುದು ಕೊರತೆ ಎಂದು ಹತ್ತು ವರ್ಷದ ಮಗು ಬಹಳ ಸುಲಭವಾಗಿ ನಂಬಿಬಿಡುತ್ತದೆ. ಎಲೆ, ಮಳೆ, ಬಸ್ಸು, ಬೀಜ, ಹಕ್ಕಿ, ಚಿಪ್ಪು ಇಷ್ಟು ಸಾಲದೇ? ಎತ್ತರವನ್ನು ಅಳೆಯಲೇಬೇಕೆಂದಿದ್ದರೆ ಅದರ ಬದಲು, ಹೆಸರು ಬರೆಸದೆ, ಗೇಣಿನ ಅಳತೆಯನ್ನು ತೆಗೆದುಕೊಳ್ಳುವುದು ವಾಸಿ.

ಮನೆಯಲ್ಲಿ ಒಂದೇ ಮಗು ಇದ್ದರೆ ದತ್ತಾಂಶ ಎಲ್ಲಿಂದ ತರುವುದು?

ವಿದ್ಯುತ್ ಮೀಟರಿನಿಂದ. ದಿನವೂ ಒಂದೇ ಹೊತ್ತಿಗೆ ಮೀಟರಿನ ಯೂನಿಟ್ ಸಂಖ್ಯೆಯನ್ನು ಮಗು ಬರೆದಿಟ್ಟುಕೊಂಡು, ಹಿಂದಿನ ದಿನದ್ದನ್ನು ಕಳೆದರೆ ಆ ದಿನ ಬಳಸಿದ ಯೂನಿಟ್‌ಗಳು ಸಿಗುತ್ತವೆ. ಹತ್ತು ದಿನಗಳ ಸರಾಸರಿಯಿಂದ ತಿಂಗಳಿಗೆ ಎಷ್ಟಾಗಬಹುದು ಎಂದು ಅಂದಾಜಿಸಿ, ಮೆಸ್ಕಾಂ ಬಿಲ್ಲು ಬಂದಾಗ ಹೋಲಿಸಲಿ. ನೆಂಟರು ಬಂದ ದಿನ, ಇಸ್ತ್ರಿ ಹಾಕಿದ ದಿನ, ಕರೆಂಟು ಹೋದ ದಿನ ಗ್ರಾಫಿನಲ್ಲಿ ಎದ್ದು ಕಾಣುತ್ತವೆ. ಮಗು ಆ ದಿನಗಳ ಪಕ್ಕದಲ್ಲಿ ಕಾರಣವನ್ನೂ ಬರೆಯುವಂತೆ ಹೇಳಿ. ಮೀಟರನ್ನು ಕಣ್ಣಿನಿಂದ ಓದಿದರೆ ಸಾಕು, ಮುಟ್ಟುವುದು ಬೇಡ.

ಮಗು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡುತ್ತದೆ. ಇದರಿಂದ ತೊಂದರೆಯೇ?

ಇಲ್ಲ. ಚಟುವಟಿಕೆಯ ಹೊತ್ತಿನಲ್ಲಿ ಅವರವರ ಮಾತಿನಲ್ಲಿಯೇ ವಾದ ಮಾಡಲಿ, ಗ್ರಾಫಿನ ಶೀರ್ಷಿಕೆ ಮತ್ತು ಅಕ್ಷಗಳ ಹೆಸರುಗಳನ್ನು ಬರೆಯುವಾಗ ಕನ್ನಡ ಬಂದರಾಯಿತು.

ದೃಷ್ಟಿ ಸಮಸ್ಯೆ ಇರುವ ಮಗುವಿಗೆ ಗ್ರಾಫ್ ಹೇಗೆ ಕಲಿಸುವುದು?

ದಪ್ಪ ದಾರಗಳಲ್ಲಿ ಮಣಿಗಳನ್ನು ಪೋಣಿಸಿ ಒಂದು ಕೋಲಿಗೆ ಸಾಲಾಗಿ ಕಟ್ಟಿದರೆ ಅದೇ ಬೆರಳಿನಿಂದ ಓದುವ ಸ್ತಂಭಾಲೇಖ. ಅದನ್ನು ಉಳಿದ ಮಕ್ಕಳೂ ಕಣ್ಣು ಮುಚ್ಚಿ ಓದಲಿ.

ಕಂಪ್ಯೂಟರಿನಲ್ಲಿ ಗ್ರಾಫ್ ಮಾಡಿಸುವುದು ಯಾವಾಗ?

ಕನಿಷ್ಠ ಮೂರು ನಾಲ್ಕು ಗ್ರಾಫ್‌ಗಳನ್ನು ಕೈಯಿಂದ ಬರೆದು, ಪ್ರಮಾಣವನ್ನು ತಾನೇ ಆರಿಸಿಕೊಂಡ ಮೇಲೆ. ಕಂಪ್ಯೂಟರ್ ಅಕ್ಷವನ್ನು ಎಲ್ಲಿಂದ ಆರಂಭಿಸಿದೆ ಎಂದು ಮೊದಲು ನೋಡುವ ಅಭ್ಯಾಸ ಅಂಥ ಮಗುವಿಗೆ ಮಾತ್ರ ಇರುತ್ತದೆ.

ಮಗುವಿಗೆ ನಿಜವಾಗಿ ಅರ್ಥವಾಗಿದೆ ಎಂದು ಹೇಗೆ ತಿಳಿಯುವುದು?

ಶೀರ್ಷಿಕೆ ಇಲ್ಲದ, ಅಕ್ಷಗಳ ಹೆಸರಿಲ್ಲದ ಒಂದು ಸ್ತಂಭಾಲೇಖವನ್ನು ಕೊಟ್ಟು, "ಇದು ನಮ್ಮ ಊರಿನ ಯಾವ ಸಂಗತಿಯದ್ದಿರಬಹುದು?" ಎಂದು ಕೇಳಿ. ಹನ್ನೆರಡು ಸ್ತಂಭಗಳಿದ್ದು ನಡುವಿನ ನಾಲ್ಕು ಎತ್ತರವಾಗಿದ್ದರೆ ಮಳೆ ಎನ್ನುವ ಮಗು ಕಲಿತಿದೆ, ಕೊಡೆ ಮಾರಾಟವೂ ಇರಬಹುದಲ್ಲ ಎನ್ನುವ ಮಗು ಇನ್ನೂ ಹೆಚ್ಚು ಕಲಿತಿದೆ. ಇನ್ನೊಂದು ಪ್ರಶ್ನೆ: "ಐದು ಸಂಖ್ಯೆಗಳ ಸರಾಸರಿ 10, ಮಧ್ಯಾಂಕ 4. ಅಂಥ ಐದು ಸಂಖ್ಯೆಗಳನ್ನು ಬರೆ." 2, 3, 4, 5, 36 ಎಂಬುದು ಒಂದು ಉತ್ತರ, ಬೇರೆ ಬೇರೆ ಮಕ್ಕಳು ಬೇರೆ ಬೇರೆ ಉತ್ತರ ತಂದಾಗ ಎಲ್ಲವನ್ನೂ ಹಲಗೆಯ ಮೇಲೆ ಬರೆದು ಹೋಲಿಸಬೇಕು.

ಈ ವರ್ಷದ ದಾಖಲೆಗಳನ್ನು ಏನು ಮಾಡಬೇಕು?

ಮುಂದಿನ ವರ್ಷದ ತರಗತಿಗೆ ಕೊಡಬೇಕು. ಭಾರತದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಜನ್ಮದಿನವಾದ ಜೂನ್ 29 ದೇಶದಲ್ಲಿ 2007ರಿಂದ ಸಂಖ್ಯಾಶಾಸ್ತ್ರ ದಿನವಾಗಿ ಆಚರಣೆಯಾಗುತ್ತಿದೆ. ಶಾಲೆ ಆರಂಭವಾಗಿ ಮಳೆ ಹಿಡಿದಿರುವ ಆ ಹೊತ್ತು ಹಳೆಯ ಮಕ್ಕಳು ಹೊಸಬರಿಗೆ ಮಳೆ ಪುಸ್ತಕ ಒಪ್ಪಿಸಲು ಅನುಕೂಲಕರ. ಪುಸ್ತಕದ ಮೊದಲ ಪುಟದಲ್ಲಿ ಮಾಪಕ ಎಲ್ಲಿತ್ತು, ಯಾವ ಬಾಟಲಿಯದ್ದು, ಎಷ್ಟು ಗಂಟೆಗೆ ಓದುತ್ತಿದ್ದೆವು ಎಂದು ಬರೆದಿರಬೇಕು, ಏಕೆಂದರೆ ಜಾಗ ಬದಲಾದರೆ ಎರಡು ವರ್ಷಗಳ ಅಂಕಿಗಳನ್ನು ಹೋಲಿಸಲಾಗದು. ಭಾನುವಾರ ಅಥವಾ ರಜೆಯ ದಿನ ಓದಲಾಗದಿದ್ದರೆ ಅಲ್ಲಿ ಸೊನ್ನೆ ಬರೆಯದೆ "ಅಳೆದಿಲ್ಲ" ಎಂದೇ ಬರೆಯಬೇಕು. ಮರುದಿನ ಬಾಟಲಿಯಲ್ಲಿ ಸಿಕ್ಕ ನೀರನ್ನು ಎರಡು ದಿನಗಳ ಒಟ್ಟು ಎಂದು ಸೂಚಿಸಿ, ತಿಂಗಳ ಮೊತ್ತಕ್ಕೆ ಸೇರಿಸಿ, ದಿನದ ಗ್ರಾಫಿನಲ್ಲಿ ಮಾತ್ರ ಆ ಎರಡು ದಿನಗಳ ಜಾಗವನ್ನು ಖಾಲಿ ಬಿಡಬೇಕು.